ಒಂದು ನಾಲ್ಕು ಸೊನ್ನೆ ನಾಲ್ಕು

ಜಹೀರಾಬಾದ್
7 ನವೆಂಬರ್ 2025, ಶುಕ್ರವಾರ

ನನ್ನ ಮೇಲೆ ಮುನಿಸಿಕೊಂಡು ಕೂತಿರುವ ಅವ್ವನಿಗೆ,

ನಿನ್ನ ಮಗಳು ಧಮ್ಮಶೀಲಾ ಮಾಡುವ ಜೈಭೀಮ. ನಿನ್ನ ಮೊಮ್ಮಗಳು ಮಿತ್ರಾ ಪಕ್ಕದಲ್ಲೇ ಕೂತು, ಆಯಿಗೆ ನನ್ನದೂ ಒಂದು ಜೈಭೀಮ ಬರಿ ಎಂದು ಪ್ರಾಣ ತಿನ್ನುತ್ತಿದ್ದಾಳೆ. ಅವಳದೂ ಬರೆದಿದ್ದೇನೆ.

ನೀನು ಹೋದಾಗಿನಿಂದ ನನ್ನ ಫೋನು ಎತ್ತುತ್ತಿಲ್ಲ. ನಿನ್ನೆ ಅಂಜಪ್ಪ ಮಾವ ಎತ್ತಿ, "ಅಕ್ಕ ಮಾತಾಡಾಂಗಿಲ್ಲ ಅಂತಾಳವ್ವ, ನಾ ಏನ್ ಮಾಡ್ಲಿ" ಎಂದು ಇಟ್ಟುಬಿಟ್ಟ. ಹಟದಲ್ಲಿ ನಿನ್ನನ್ನು ಮೀರಿಸುವವರು ಬೊಮ್ರಾಸಪೇಟೆಯಲ್ಲಿ ಇನ್ನೂ ಹುಟ್ಟಬೇಕು. ಅದಕ್ಕೇ ಈ ಕಾಗದ. ಕೊಡಂಗಲ್ ಕಡೆಯ ಬಸ್ಸಿನ ಕಂಡಕ್ಟರ್ ಕಾಶಿರಾಮಣ್ಣ ನಾಳೆ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಅಕ್ಷರ ಕೂಡಿಸಿಕೊಂಡಾದರೂ ನೀನೇ ಓದು. ಮಾವನ ಕೈಯಲ್ಲಿ ಓದಿಸಬೇಡ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತಿದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೀನು ಇಲ್ಲಿರಬೇಕು. ಕ್ರಾಂತಿಕುಮಾರನ ಮೇಲೆ ಸ್ಟೇಷನ್ನಿನಲ್ಲಿ ದೂರು ಕೊಡುವವಳಿದ್ದೇನೆ. ರಾಯಿಕೋಡಿನ ಮನೆಯಲ್ಲಿ ಆತ ನನ್ನನ್ನೂ ಕೂಸನ್ನೂ ಒಳಗೆ ಹಾಕಿ, ಹೊರಗಿನಿಂದ ಬೀಗ ಜಡಿದು, ಕೀಲಿ ಜೇಬಿಗಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದದ್ದನ್ನು ಕಣ್ಣಾರೆ ಕಂಡವಳು ನೀನೊಬ್ಬಳೇ. ಕಲ್ಲಿನಿಂದ ಆ ಬೀಗ ಜಜ್ಜಿ ನಮ್ಮನ್ನು ಹೊರಗೆ ತೆಗೆದವಳೂ ನೀನೇ. ನೀನು ಬಂದು ಹೇಳದಿದ್ದರೆ ಅದು ಗಂಡ ಹೆಂಡಿರ ಜಗಳವಾಗಿ ಉಳಿಯುತ್ತದೆ. ಆತ ಮಿತ್ರಾಳನ್ನು ಒಯ್ಯುತ್ತಾನೆ.

ಬರುವುದಕ್ಕೆ ಮೊದಲು ನೀನು ಒಂದು ಮಾತು ತಿಳಿಯಬೇಕು. ಆತನಿಗೆ ಬಾಗಿಲಿನ ನಂಬರ್ ಹೇಳಿದವಳು ನೀನಲ್ಲ. ನನಗೆ ಈಗ ಗೊತ್ತಾಗಿದೆ.

ಆ ಬೀಗವನ್ನು ನಾವು ಎಷ್ಟು ನಂಬಿದ್ದೆವು ನೆನಪಿದೆಯೇ? ಮನೆ ಹುಡುಕಿ ಹುಡುಕಿ ಕಾಲು ಬಿದ್ದುಹೋಗಿದ್ದವು. ಗಂಡನಿಲ್ಲದ ಹೆಣ್ಣಿಗೆ ಕೊಡುವುದಿಲ್ಲ ಎಂದು ಮೂರು ಕಡೆ, ಗೋಡೆಗೆ ಯಾರ ಫೋಟೋ ಹಾಕ್ತೀರಿ ಎಂದು ಕೇಳಿ, ಜಾತಿ ತಿಳಿದು ಬಾಗಿಲು ಹಾಕಿಕೊಂಡದ್ದು ಒಂದು ಕಡೆ. ಕೊನೆಗೆ ಶಾಂತಪ್ಪನವರ ಅಪಾರ್ಟ್‌ಮೆಂಟಿಗೆ ಬಂದಾಗ ನಾನೇ ಮುಂದಾಗಿ, ನಮ್ಮ ಮನೆಯವರು ಕರಣಕೋಟದ ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದಾರೆ, ರಜೆ ಸಿಕ್ಕಾಗ ಬರುತ್ತಾರೆ ಎಂದುಬಿಟ್ಟೆ. ಮೆಟ್ಟಿಲು ಇಳಿಯುತ್ತ ನೀನು, "ಸುಳ್ಳಿನ ಮ್ಯಾಲ ಸಂಸಾರ ಹೂಡಬ್ಯಾಡ, ಖರೇ ಹೇಳಿಬಿಡು" ಎಂದಿದ್ದೆ. ಖರೇ ಹೇಳಿದರೆ ಮನೆ ನೀ ಕೊಡ್ತೀಯೇನು ಎಂದು ನಿನ್ನ ಬಾಯಿ ಮುಚ್ಚಿಸಿದ್ದೆ.

ಶಾಂತಪ್ಪನವರ ಮಗ ಬಸವಕಿರಣ ಆರೂ ಮನೆಗಳಿಗೆ ಸ್ಮಾರ್ಟ್ ಲಾಕ್ ಹಾಕಿಸಿದ್ದ. ಬಾಡಿಗೆಯವರು ಬದಲಾದಾಗಲೆಲ್ಲ ಕೀಲಿ ಮಾಡಿಸುವ ತಾಪತ್ರಯವಿಲ್ಲ, ನಂಬರ್ ಬದಲಿಸಬೇಕೆಂದರೆ ತನ್ನ ಫೋನಿನಿಂದಲೇ ಆಗಬೇಕು ಎಂದಿದ್ದ. ಒಳಗಿನಿಂದ ಹಿಡಿಕೆ ತಿರುವಿದರೆ ಸಾಕು, ಯಾವಾಗ ಬೇಕಾದರೂ ತೆರೆಯುತ್ತದೆ ಎಂದು ತೋರಿಸಿದಾಗ ನಾನು ನಾಲ್ಕು ಸಲ ತೆರೆದು ಮುಚ್ಚಿ ನೋಡಿದೆ. ಹೊರಗಿನಿಂದ ಯಾರೂ ನನ್ನನ್ನು ಕೂಡಿಹಾಕಲಾರದ ಬಾಗಿಲು! ಬಾಡಿಗೆ ಹೆಚ್ಚಾದರೂ ಆಗಲಿ ಎಂದು ಅಲ್ಲೇ ಹೂಂ ಎಂದೆ.

ನಿನ್ನ ಬೆರಳನ್ನು ಮಾತ್ರ ಅದು ಒಪ್ಪಲಿಲ್ಲ. ತಾಂಡೂರಿನ ಕಲ್ಲು ಪಾಲಿಶ್ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆದ ಬೆರಳು, ಗೆರೆ ಎಲ್ಲಿಂದ ಬರಬೇಕು? ಬಸವಕಿರಣ ಹತ್ತೂ ಬೆರಳು ಇಡಿಸಿ ಸೋತು, ನಂಬರ್ ಇಟ್ಟುಕೊಳ್ಳಿ, ನಾಲ್ಕು ಅಂಕಿ ಹೇಳಿ ಎಂದ. ನೀನು ಕಣ್ಣು ಮಿಟುಕಿಸಲಿಲ್ಲ. "ಒಂದು ನಾಲ್ಕು ಸೊನ್ನೆ ನಾಲ್ಕು. ಏಪ್ರಿಲ್ ಹದಿನಾಲ್ಕು. ಬಾಬಾಸಾಹೇಬರ ಜಯಂತಿ ಮರತ್ರ ನಾ ಅನ್ನಾ ಉಣ್ಣೋದ ಮರತಂಗ" ಎಂದೆ. ನನಗೂ ಖುಷಿಯಾಯಿತು. ಅವ್ವ ಎಂದರೆ ಹೀಗಿರಬೇಕು ಎಂದುಕೊಂಡೆ.

ಇನ್ನು ಅಕ್ಟೋಬರ್ ಇಪ್ಪತ್ತೆಂಟರ ಮಂಗಳವಾರ. ನಾನು ದವಾಖಾನೆಯ ಲ್ಯಾಬಿನಲ್ಲಿದ್ದೆ. ನೀನು ಮಿತ್ರಾಳನ್ನು ಶಾಲೆಯಿಂದ ಕರೆತರಲು ಮೂರಕ್ಕೇ ಹೊರಟಿದ್ದೆ. ನಾಲ್ಕೂವರೆಗೆ ಮೂವರೂ ಮೆಟ್ಟಿಲಲ್ಲಿ ಕೂಡಿ ಒಟ್ಟಿಗೆ ಒಳಗೆ ಬಂದೆವು. ಬಾಗಿಲಿಗೆ ಒಂದು ಗೀರು ಕೂಡ ಇರಲಿಲ್ಲ. ಮುಚ್ಚಿಟ್ಟಿದ್ದ ಎರಡು ರೊಟ್ಟಿ ಇರಲಿಲ್ಲ, ಉಂಡ ತಟ್ಟೆ ತೊಳೆದು ಬೋರಲು ಹಾಕಿತ್ತು. ಮಿತ್ರಾಳ ಫ್ರಾಕುಗಳು ಮಡಚಿದ್ದವು. ಹಾಸಿಗೆಯಲ್ಲಿ, ನನ್ನ ದಿಂಬಿನ ಮೇಲೆ, ಕೊಂಡಿ ಸೊಟ್ಟಗಾದ ಒಂದು ಬೀಗ ಇತ್ತು. ರಾಯಿಕೋಡಿನದು. ನೀನು ಜಜ್ಜಿದ್ದೇ. ಎರಡು ವರ್ಷ ಅದನ್ನು ಎಲ್ಲಿಟ್ಟುಕೊಂಡಿದ್ದನೋ!

ನಾನು ಮೊದಲು ಮಿತ್ರಾಳನ್ನು ಹಿಂದಕ್ಕೆ ಎಳೆದುಕೊಂಡೆ. ಆಮೇಲೆ ತಲೆ ಕಾದಿತು. ಮನೆಯ ನಂಬರ್ ಬಸವಕಿರಣನನ್ನು ಬಿಟ್ಟರೆ ನಮ್ಮಿಬ್ಬರಿಗೇ ಗೊತ್ತು, ಅವನಿಗೆ ಆತ ಯಾರೆಂದೇ ತಿಳಿಯದು. ದೀಕ್ಷಾ ದಿನ ಆತ ನಿನಗೆ ಫೋನು ಮಾಡಿ ಅತ್ತಾಗ ನೀನು, "ಉಂಡಿಯೇನಪ್ಪ" ಎಂದು ಕೇಳಿದ್ದನ್ನು ನಾನು ಅಡುಗೆಮನೆಯಿಂದ ಕೇಳಿದ್ದೆ. ಅದನ್ನೇ ಹಿಡಿದೆ. ನೀನು ಮಿತ್ರಾಳ ತಲೆ ಮುಟ್ಟಿ, "ನಾ ಹೇಳಿಲ್ಲ, ಈ ಕೂಸಿನಾಣಿ ಹೇಳಿಲ್ಲ" ಎಂದೆ. ಈ ಮನೆಯಾದರೂ ಆತನಿಗೆ ಹೆಂಗ ಸಿಕ್ಕಿತು ಎಂದು ನೀನು ಕೇಳಿದ್ದಕ್ಕೆ, ಅದನ್ನೂ ನೀನೇ ಹೇಳಿರಬೇಕು ಎಂದೆ. ಅಷ್ಟಕ್ಕೆ ಬಿಟ್ಟೆನೇ? ನಿನಗೆ ಅಳಿಯ ಬೇಕು, ಮಗಳು ಸತ್ತರೂ ನಡೆಯುತ್ತದೆ ಎಂದೆ. ಅವ್ವ, ಬಾಯಿಂದ ಬಿದ್ದ ಆ ಮಾತು ನನಗೇ ಕೇಳಿಸಿತು. ಆದರೂ ಹಿಂದೆ ತೆಗೆದುಕೊಳ್ಳಲಿಲ್ಲ. ನೀನು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡೆ, ಮರುದಿನ ಮೊದಲ ಬಸ್ಸಿಗೆ ಹೊರಟೆ. ಮಿತ್ರಾ ಬಸ್ ಸ್ಟ್ಯಾಂಡಿನವರೆಗೂ ನಿನ್ನ ಸೆರಗು ಹಿಡಿದು ಅತ್ತಳು.

ನೀನು ಹೋದ ಮೇಲೆ ನನ್ನ ಧೈರ್ಯ ಎಷ್ಟೆಂದು ಗೊತ್ತಾಯಿತು. ನಂಬರ್ ಬದಲಿಸಿ ಎಂದು ಬಸವಕಿರಣನನ್ನು ಕೇಳಬೇಕು, ಕೇಳಿದರೆ ಯಾಕೆ ಎನ್ನುತ್ತಾನೆ. ಯಾಕೆ ಎಂದರೆ ಏನು ಹೇಳಲಿ? ಬಾಡಿಗೆ ಮನೆಯ ಬಾಗಿಲು ನನ್ನದು, ಅದರ ನಂಬರ್ ಮಾಲೀಕರ ಫೋನಿನಲ್ಲಿ, ಆ ನಂಬರ್ ನನ್ನ ವೈರಿಯ ತಲೆಯಲ್ಲಿ. ಚೌಕಟ್ಟಿನ ಮೇಲೆ ಹಳೆಯ ಚಿಲಕ ಒಂದು ಉಳಿದಿತ್ತಲ್ಲ, ನೀನು ತುಕ್ಕು ಹಿಡಿದದ್ದು ಎಂದು ಬೈಯುತ್ತಿದ್ದದ್ದು, ಅದಕ್ಕೆ ಎಣ್ಣೆ ಬಿಟ್ಟೆ. ಒಳಗಿದ್ದಾಗ ಅದು, ಹೊರಗೆ ಹೋದಾಗ ದೇವರೇ ಗತಿ. ದೇವರನ್ನು ನಂಬದವಳು ನಾನು, ಈ ಮಾತು ಬರೆಯುವ ಹಾಗಾಯಿತು ನೋಡು.

ಮೊನ್ನೆ ಬುಧವಾರ ಹುಣ್ಣಿಮೆಯ ರಜೆ. ಹನ್ನೊಂದರ ಹೊತ್ತಿಗೆ ನಾನು ತೊಗರಿಬೇಳೆ ಆರಿಸುತ್ತಿದ್ದೆ. ಮಿತ್ರಾ ನೆಲದ ಮೇಲೆ ಬಣ್ಣ ಹಚ್ಚುತ್ತಿದ್ದಳು. ಹೊರಗೆ ಬಾಗಿಲಿನ ಗುಂಡಿ ಒತ್ತಿದ ಸದ್ದು ಕೇಳಿತು. ಟಿಂ, ಟಿಂ, ಟಿಂ, ಟಿಂ. ಅವಸರವಿಲ್ಲ, ತಮ್ಮ ಮನೆಗೆ ಬಂದವರು ಒತ್ತುವ ಹಾಗೆ. ಮಿತ್ರಾ ಎದ್ದು, ಆಯಿ ಬಂದಳು ಎಂದು ಓಡಿದಳು. ಹೇಗೆ ಹಾರಿ ಅವಳ ಬಾಯಿ ಮುಚ್ಚಿದೆನೋ ತಿಳಿಯದು. ಗಿರ್ ಎಂದು ಬೀಗ ತೆರೆಯಿತು, ಬಾಗಿಲು ಬೆರಳಗಲ ಒಳಗೆ ಬಂದು ಚಿಲಕಕ್ಕೆ ತಾಗಿ ನಿಂತಿತು.

ಸಂದಿಯಿಂದ ಆತನ ಧ್ವನಿ. ಕೂಗಲಿಲ್ಲ. ಮದುವೆಯಾದ ಹೊಸದರಲ್ಲಿ ಮಾತಾಡುತ್ತಿದ್ದ ಹಾಗೆ, "ಶೀಲಾ, ಬಾಗಿಲ ತಗಿ. ನನ್ನ ಮಗಳ ಮಾರಿ ನೋಡ್ತೀನಿ. ತಗೀದಿದ್ರ ಶಾಲಿಗೇ ಹೋಗಿ ಕರಕೊಂಡು ಹೋಗ್ತೀನಿ, ಅಪ್ಪ ಇದ್ದೀನಿ ನಾ, ಯಾರ ಕೇಳ್ತಾರ" ಎಂದ. ಆ ಚಿಲಕಕ್ಕೆ ಎರಡು ಸಣ್ಣ ಸ್ಕ್ರೂ, ಅವ್ವ. ಆತ ಭುಜ ಕೊಟ್ಟು ಒತ್ತಿದಾಗ ಒಂದರ ತಲೆ ಮೇಲೆದ್ದದ್ದನ್ನು ನಾನು ನೋಡಿದೆ. ಬೆನ್ನು ಕೊಟ್ಟು ಬಾಗಿಲಿಗೆ ಒರಗಿ ಕೂತೆ.

ಅಷ್ಟರಲ್ಲಿ ಶಾಂತಪ್ಪನವರ ಹೆಂಡತಿ ಈರಮ್ಮ ಮೆಟ್ಟಿಲು ಹತ್ತಿ ಬಂದರು. ಜೀವ ಬಂತು ಎಂದುಕೊಂಡೆ. ಅವರು ಏನು ಮಾಡಿದರು ಗೊತ್ತೇ? "ಅಯ್ಯ, ಕರಣಕೋಟದಿಂದ ಈಗ ಬಂದ್ರೇನ್ರಿ? ಹೊರಗ ಯಾಕ ನಿಂತೀರಿ" ಎಂದು ಆತನನ್ನು ಕೇಳಿ, ನನ್ನ ಬಾಗಿಲು ಬಡಿದು, "ಏ ಶೀಲಾ, ಮನಿಯವರು ಬಂದಾರ, ಚಿಲಕ ತಗೀವ್ವ" ಎಂದು ಕೂಗತೊಡಗಿದರು. ಆತ ಹೊರಗೆ ಮೆಲ್ಲಗೆ ನಕ್ಕ. ನಾನು ಕಟ್ಟಿದ ಸುಳ್ಳನ್ನೇ ಹಿಡಿದು ಇಬ್ಬರೂ ಹೊರಗಿನಿಂದ ತಳ್ಳುತ್ತಿದ್ದರು.

ಆಗ ಕೂಗಿದೆ. ಮೂರೂ ಅಂತಸ್ತಿಗೆ ಕೇಳುವ ಹಾಗೆ ಕೂಗಿದೆ. "ಈತ ಕರಣಕೋಟದಾಗ ಇಲ್ರಿ ಆಂಟಿ, ನಾ ಸುಳ್ಳ ಹೇಳೀನ್ರಿ! ನಾ ಇವನ್ನ ಬಿಟ್ಟು ಬಂದೀನಿ. ನನ್ನ ಕೂಡಿಹಾಕಿ ಬಡೀತಿದ್ದನ್ರಿ. ಬಾಗಿಲ ತಗದ್ರ ನನ್ನ ಕೂಸಿನ್ನ ಒಯ್ತಾನ್ರಿ!" ಎಷ್ಟು ದಿನ ಬಚ್ಚಿಟ್ಟ ಮರ್ಯಾದೆ ಒಂದೇ ಉಸಿರಿಗೆ ಮೆಟ್ಟಿಲ ಮೇಲೆ ಚೆಲ್ಲಿತು. ಹೊರಗೆ ಬಾಗಿಲು ಬಡಿಯುವುದು ನಿಂತಿತು. ಆಮೇಲೆ ಈರಮ್ಮನವರ ಧ್ವನಿ, "ಕಿರಣ್ಯಾ, ಮ್ಯಾಲ ಬಾರೋ, ಲಗೂನ ಬಾ." ಬಾಗಿಲಿಗೆ ಬೆನ್ನು ಹಚ್ಚಿ ಹೊರಗಡೆ ಅವರೇ ನಿಂತರು, ಸಂದಿಯಲ್ಲಿ ಅವರ ಸೀರೆಯ ಬಣ್ಣ ಕಾಣುತ್ತಿತ್ತು. ಆತ ಗಂಡ ಹೆಂಡಿರ ನಡುವೆ ನೀವ್ಯಾರ್ರಿ ಎಂದ. "ನಾ ಈ ಮನಿ ಮಾಲ್ಕೀಣಿ. ಇಳಿ ಕೆಳಗ" ಎಂದರು. ಬಸವಕಿರಣ ಓಡಿ ಬರುವಷ್ಟರಲ್ಲಿ ಆತ ಇಳಿದು ಹೋಗಿದ್ದ. ಹೋಗುವಾಗ, ಶಾಲಿ ಎಲ್ಲಿ ಅದ ನನಗ ಗೊತ್ತದ ಎಂದು ಹೇಳಿ ಹೋದ. ಮಿತ್ರಾಳನ್ನು ನಾನು ಅಂದಿನಿಂದ ಶಾಲೆಗೆ ಕಳಿಸಿಲ್ಲ.

ಬಸವಕಿರಣ ಅಲ್ಲೇ ನಿಂತು ಹಳೆಯ ನಂಬರ್ ಅಳಿಸಿದ. ಆಮೇಲೆ, ಅಕ್ಕಾ, ಇದಕ್ಕಿಂತ ಮೊದಲು ಎಂದಾದರೂ ಬಂದಿದ್ದನೇ ಎಂದು ಕೇಳಿ, ಇಪ್ಪತ್ತೆಂಟನೇ ತಾರೀಖಿನ ಲೆಕ್ಕ ಫೋನಿನಲ್ಲಿ ತೆಗೆದು ತೋರಿಸಿದ. ಯಾರು ಯಾವಾಗ ಯಾವ ಅಂಕಿ ಒತ್ತಿದರು ಎಂಬುದೆಲ್ಲ ಅದರಲ್ಲಿ ಉಳಿಯುತ್ತದಂತೆ. ಮೂರು ಗಂಟೆ ಹನ್ನೆರಡು ನಿಮಿಷಕ್ಕೆ 0612, ತಪ್ಪು. ಹದಿಮೂರಕ್ಕೆ 1410, ತಪ್ಪು. ಅದೇ ನಿಮಿಷದಲ್ಲಿ 1404, ತೆರೆದಿದೆ.

ಬಸವಕಿರಣನಿಗೆ ಅದು ಬರೀ ಅಂಕಿ. ನನಗೆ ಓದಲು ಬಂತು. ಡಿಸೆಂಬರ್ ಆರು, ಬಾಬಾಸಾಹೇಬರು ತೀರಿಕೊಂಡ ದಿನ. ಅಕ್ಟೋಬರ್ ಹದಿನಾಲ್ಕು, ಅವರು ಬೌದ್ಧ ದೀಕ್ಷೆ ತೆಗೆದುಕೊಂಡ ದಿನ. ಆಮೇಲೆ ಜಯಂತಿ. ಯಾರಾದರೂ ಹೇಳಿಕೊಟ್ಟಿದ್ದರೆ ಆತ ಎರಡು ಸಲ ಯಾಕೆ ತಪ್ಪು ಒತ್ತುತ್ತಿದ್ದ? ಆತನೂ ನಮ್ಮವನೇ, ನಮ್ಮ ಓಣಿಯಲ್ಲೇ ಬೆಳೆದವನು. ಜಯಂತಿಯ ಮೆರವಣಿಗೆಯಲ್ಲಿ ನನ್ನ ಮುಂದೆ ನೀಲಿ ಧ್ವಜ ಹಿಡಿದು ನಡೆದವನು. ನಮ್ಮವರ ಗಾಡಿ ನಂಬರ್ ಯಾವುದಿರುತ್ತದೆ, ಫೋನಿನ ಕೊನೆಯ ಅಂಕಿ ಯಾವುದಿರುತ್ತದೆ ಆತನಿಗೆ ಗೊತ್ತಿಲ್ಲವೇ? ಊರಿನ ಕಳ್ಳನಿಗೆ ನೂರು ವರ್ಷ ಬೇಕಾಗುತ್ತಿತ್ತು, ಆತನಿಗೆ ಮೂರು ಸಲ ಸಾಕಾಯಿತು. ನಮ್ಮಿಬ್ಬರಿಗೂ ಇದು ಹೊಳೆಯಲಿಲ್ಲ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಆತನಿಗೆ ಹೆದರಿ ಅತ್ತೆನೆಂದು ಈರಮ್ಮ ನೀರು ತಂದುಕೊಟ್ಟರು. ಕೂಸಿನ ತಲೆ ಮುಟ್ಟಿ ಆಣೆ ಮಾಡಿದ ನಿನ್ನ ಮುಖ ಕಣ್ಣಿಗೆ ಕಟ್ಟಿತ್ತು. ನನ್ನ ತಪ್ಪು, ಅವ್ವ. ನಿನ್ನ ಕಾಲು ಹಿಡಿಯುತ್ತೇನೆ.

ಶಾಂತಪ್ಪನವರು ಸಂಜೆ ಬಂದು, ಪೊಲೀಸರು ಮನೆಗೆ ಬರುವುದು ನಮಗೆ ಆಗಿಬರುವುದಿಲ್ಲ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದರು. ಈರಮ್ಮ ಅವರನ್ನು ಸುಮ್ಮನಿರಿಸಿ ನನಗೆ, "ಸುಳ್ಳ ಹೇಳಿದಿ, ಸಿಟ್ಟು ಅದ ನನಗ. ಮೊದಲೇ ಹೇಳಿದ್ರ ಅವನ್ನ ಗೇಟಿನಾಗೇ ನಿಂದರಸ್ತಿದ್ದೆ. ಈಗ ನಿಮ್ಮ ತಾಯಿನ್ನ ಕರಸು. ಹಿರೇರೊಬ್ಬರು ಮನ್ಯಾಗ ಇದ್ದು, ನೀ ಸ್ಟೇಷನ್ನಿನಾಗ ಬರದು ಕೊಟ್ರ, ನಮ್ಮವರಿಗೆ ನಾ ಹೇಳ್ತೀನಿ" ಎಂದರು. ಈ ಮನೆ ಉಳಿಯುವುದೂ, ಮಿತ್ರಾ ನನ್ನ ಹತ್ತಿರ ಉಳಿಯುವುದೂ ನೀನು ಬಸ್ಸು ಹತ್ತುವುದರ ಮೇಲಿದೆ.

ಹೊಸ ನಂಬರ್ ಇಟ್ಟಿದ್ದೇನೆ. ಇಲ್ಲಿ ಬರೆಯುವುದಿಲ್ಲ, ಬಂದಾಗ ಕಿವಿಯಲ್ಲಿ ಹೇಳುತ್ತೇನೆ. ಯಾರ ಜಯಂತಿಯೂ ಅಲ್ಲ.

ನಿನ್ನ ದಾರಿ ನೋಡುತ್ತಿರುವ,
ಧಮ್ಮಶೀಲಾ

ತಾ.ಕ.: ಹೆಸರು ಬರೆದು ಮಡಚಿದವಳು ಮತ್ತೆ ಬಿಚ್ಚಿದೆ. ಈರಮ್ಮ ಆತನನ್ನು ನೋಡಿದ ಕೂಡಲೇ ಗುರುತು ಹಿಡಿದದ್ದು ಹೇಗೆ ಎಂದು ನೀನು ಕೇಳಿಯೇ ಕೇಳುತ್ತೀ. ಆಗಸ್ಟಿನಲ್ಲಿ ಮರೆಮ್ಮ ಚಿಗವ್ವ ತೀರಿಕೊಂಡಾಗ ನೀನು ನಾಲ್ಕು ದಿನ ಊರಿಗೆ ಹೋಗಿದ್ದೆಯಲ್ಲ, ಆಗ ನಾನೇ ಫೋನು ಮಾಡಿ ಆತನನ್ನು ಕರೆಸಿದೆ. ಮಿತ್ರಾಗೆ ಜ್ವರವಿತ್ತು, ಆದರೆ ಅದು ನೆಪ. ಆತ ಬದಲಾಗಿದ್ದಾನೆಂದು ನಂಬುವ ಆಸೆಯಾಗಿತ್ತು. ಬಾಗಿಲು ನಾನೇ ತೆರೆದೆ, ಚಹಾ ಕೊಟ್ಟೆ, ಮೆಟ್ಟಿಲಲ್ಲಿ ಸಿಕ್ಕ ಈರಮ್ಮನಿಗೆ ನಮ್ಮ ಮನೆಯವರು ಎಂದು ನಾನೇ ಹೇಳಿದೆ. ಹೋಗುವಾಗ ಆತ ಕೈ ತಿರುವಿದ. ನೀನು ಬಂದು ಆ ಬಾವು ನೋಡಿ ಕೇಳಿದಾಗ ಬಾತ್‌ರೂಮಿನಲ್ಲಿ ಜಾರಿದೆ ಎಂದಿದ್ದೆ. ತಾ ಕಳ್ಳ, ಪರರ ನಂಬ ಎನ್ನುತ್ತಾರಲ್ಲ, ನಿನ್ನನ್ನು ಬೈಯುವಾಗ ಇದೆಲ್ಲ ನನ್ನ ಗಂಟಲಲ್ಲೇ ಇತ್ತು. ಸೋಮವಾರ ಸ್ಟೇಷನ್ನಿಗೆ ಆತನನ್ನೂ ಕರೆಸುತ್ತಾರೆ, ಆತ ಇದನ್ನು ಎಲ್ಲರ ಮುಂದೆ ಹೇಳುತ್ತಾನೆ. ಆತನ ಬಾಯಿಂದ ನೀನು ಕೇಳಬಾರದೆಂದು ನಾನೇ ಬರೆದೆ. ನೀನು ಬಂದರೂ ಸರಿ, ಬರದಿದ್ದರೂ ಸರಿ, ಆತನಿಗೆ ಮನೆ ತೋರಿಸಿದವಳು ನಾನೇ ಎಂದು ದೂರಿನಲ್ಲಿ ಬರೆಸುತ್ತೇನೆ, ಅವ್ವ.