ಕುರಿಯಿಲ್ಲದ ಜೇಬು

ಮನೆಯಿಂದ,
ತಾರೀಖು ಹದಿನೆಂಟು, ಶನಿವಾರ

ಕಿರಿಮಗನೇ,

ನಿನಗೂ ಸೊಸೆಗೂ ಕರ್ತನ ಸಮಾಧಾನ ಸಿಗಲಿ. ನನಗಂತೂ ಈ ವಾರ ಅದು ಸಿಕ್ಕಿಲ್ಲ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಮಂಡಿನೋವು, ಕಣ್ಣಿನ ಪೊರೆ ಎಂದು ನೆಪ ಹೇಳುವವಳು ನಾನಲ್ಲ. ಬರೆಯಲು ಕೂತಾಗಲೆಲ್ಲ, ಚರ್ಚಿನ ಸಭಾಪಾಲಕನೊಬ್ಬನಿಗೆ ಅವನ ತಾಯಿ ಬರೆಯಬಾರದ ಮಾತುಗಳೇ ಬರುತ್ತಿದ್ದವು. ಹರಿದು ಒಲೆಗೆ ಹಾಕಿದೆ. ಇದು ಸೋಸಿ ಉಳಿದದ್ದು. ಇದೂ ಖಾರವೆನಿಸಿದರೆ ನೀರು ಕುಡಿದು ಮುಂದೆ ಓದು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ‘ಆಯ್ತಮ್ಮ, ಆಯ್ತಮ್ಮ’ ಎಂದು ಎರಡು ಸಲ ಹೇಳಿ, ಯಾರೋ ಬಂದರು ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಹಾಗೆ ಆಯ್ತಮ್ಮ ಎನ್ನಲು ಬರುವುದಿಲ್ಲ.

ಸೊಸೆ ಕಳಿಸಿದ ಸ್ವೆಟರ್ ಬಂತು. ಬಣ್ಣ ಚೆನ್ನಾಗಿದೆ, ತೋಳು ಸಾಲದು. ನಿಮ್ಮ ಮಗಳು ಉದ್ದಕ್ಕೆ ಬೆಳೆಯುತ್ತಿದ್ದಾಳೆಯೇ ಹೊರತು ಅಡ್ಡಕ್ಕೆ ಬೆಳೆಯುವ ಯೋಚನೆಯೇ ಅವಳಿಗಿಲ್ಲ. ಬೀದಿಯವರೆಲ್ಲ ಅವಳನ್ನು ಕಡ್ಡಿ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನನ್ನ ಕನ್ನಡಕ ಹುಡುಕಿಕೊಡುವುದು, ಬಾವಿಕಟ್ಟೆ ತಿಕ್ಕುವುದು, ಪಕ್ಕದ ಮನೆಯ ಕೂಸನ್ನು ಮಲಗಿಸುವುದು, ಎಲ್ಲದಕ್ಕೂ ಅವಳೇ ಬೇಕು. ಗಣಿತ ಒಂದು ಬಿಟ್ಟು ಪ್ರಪಂಚದಲ್ಲಿ ಅವಳಿಗೆ ಬಗ್ಗದ್ದು ಯಾವುದೂ ಇಲ್ಲ.

ಆ ಗಣಿತ ಏಕೆ ಬಗ್ಗಲಿಲ್ಲ ಎಂದು ನೀನು ಯಾವತ್ತಾದರೂ ಯೋಚಿಸಿದ್ದೀಯಾ? ನಿನ್ನನ್ನು ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡಿದಾಗಲೆಲ್ಲ ಮಗುವನ್ನೂ ಕಿತ್ತು ಬೇರೆ ಕಡೆ ನೆಟ್ಟೆ. ಒಂದು ಶಾಲೆಯಲ್ಲಿ ಭಿನ್ನರಾಶಿ ಶುರುವಾಗುವ ಮೊದಲೇ ಹೊರಟಳು, ಇನ್ನೊಂದು ಶಾಲೆಗೆ ಬರುವಷ್ಟರಲ್ಲಿ ಅಲ್ಲಿ ಮುಗಿದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ವರ್ಗವಾದದ್ದು ನಿನಗೆ, ಪೆಟ್ಟು ಬಿದ್ದದ್ದು ಅವಳಿಗೆ. ಕೊನೆಗೆ, ‘ಅಜ್ಜಿಯ ಹತ್ತಿರ ಇರಲಿ, ನಮ್ಮ ಶಾಲೆಯಲ್ಲೇ ಓದಲಿ’ ಎಂದು ತಂದುಬಿಟ್ಟವನೂ ನೀನೇ. ‘ನಮ್ಮ ಶಾಲೆ’ ಎಂದೆ. ಆ ಮಾತನ್ನು ನಾನು ಮರೆತಿಲ್ಲ.

ಈಗ ಸಭೆಯ ವಿಷಯ. ನಿನ್ನ ಪ್ರಾರ್ಥನಾ ಸಭೆಯಲ್ಲ, ನಮ್ಮ ಆಡಳಿತ ಮಂಡಳಿಯದು. ಪ್ರತಿವರ್ಷ ರಜೆಯಲ್ಲಿ ಮುಂದಿನ ವರ್ಷದ ಯೋಜನೆಗೆ ಸೇರುತ್ತೇವಲ್ಲ, ಅದು ಸೋಮವಾರ ಹೆಡ್‌ಮಾಸ್ಟರ ಕೋಣೆಯಲ್ಲಿ ನಡೆಯಿತು. ನಿನ್ನ ಅಣ್ಣ ಹೆಡ್‌ಮಾಸ್ಟರಾದ ಮೇಲೆ ಆ ಕೋಣೆಯಲ್ಲಿ ಕುರ್ಚಿಗಳಿಗೆಲ್ಲ ಚಕ್ರ ಬಂದಿದೆ. ನಿನ್ನ ಅಪ್ಪನ ಮರದ ಕುರ್ಚಿಯನ್ನು ಗ್ರಂಥಾಲಯಕ್ಕೆ ತಳ್ಳಿದ್ದರು. ಅದನ್ನು ತರಿಸಿಕೊಂಡು ಕೂತೆ. ಅಧ್ಯಕ್ಷೆ ಜಾರುವ ಕುರ್ಚಿಯಲ್ಲಿ ಕೂರಬಾರದು.

ಪ್ರಾರ್ಥನೆಯಾಯಿತು, ಚಹಾ ಆಯಿತು. ಬೆಳಗಿನ ಆರಾಧನೆಯ ಹೊತ್ತು, ಆಟದ ದಿನ, ಹೊಸ ಶೌಚಾಲಯ, ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಒಪ್ಪಿಗೆಯಾದವು. ಆಮೇಲೆ ನಿನ್ನ ಅಣ್ಣ ಗಂಟಲು ಸರಿಮಾಡಿಕೊಂಡ. ಅವನು ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಗೆ ಕೈ ಹಾಕುವ ಮೊದಲು ಮಾಡುತ್ತಿದ್ದ ಸದ್ದು ಅದೇ. ಹೋದ ವರ್ಷ ಹತ್ತನೆಯ ತರಗತಿಯಲ್ಲಿ ಇಬ್ಬರು ನಪಾಸಾದರು, ಮುಂದಿನ ಬೀದಿಯಲ್ಲಿ ತೆರೆದ ಹೊಸ ಶಾಲೆಯವರು ‘ನೂರಕ್ಕೆ ನೂರು’ ಎಂದು ಆನೆಯಷ್ಟು ದೊಡ್ಡ ಬೋರ್ಡು ಹಾಕಿದ್ದಾರೆ, ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಿದ್ದಾರೆ, ಹೀಗೇ ಆದರೆ ಇನ್ನೈದು ವರ್ಷಕ್ಕೆ ಬೀಗ ಹಾಕಬೇಕು ಎಂದ. ಅದರಲ್ಲಿ ಸುಳ್ಳಿಲ್ಲ. ಅವನ ತಲೆಯ ಮೇಲೂ ಭಾರವಿದೆ, ಅದು ನನಗೂ ಗೊತ್ತು. ಆದರೆ ಅವನು ಕಂಡುಹಿಡಿದ ಮದ್ದು ಕೇಳು. ಒಂಬತ್ತನೆಯ ತರಗತಿ ಮುಗಿಸಿದವರಲ್ಲಿ ಒಂಬತ್ತು ಮಂದಿ ದುರ್ಬಲರಂತೆ. ಅವರಿಗೆ ಟಿ.ಸಿ. ಕೊಟ್ಟು ಬೇರೆ ಶಾಲೆ ನೋಡಿಕೊಳ್ಳಿ ಎನ್ನುವುದಂತೆ. ಉಳಿದವರು ಪರೀಕ್ಷೆ ಬರೆದರೆ ನಮಗೂ ನೂರಕ್ಕೆ ನೂರು.

ಅಲ್ಲಪ್ಪ, ರೋಗಿಗಳನ್ನೆಲ್ಲ ಬೀದಿಗೆ ಅಟ್ಟಿ ನಮ್ಮ ಆಸ್ಪತ್ರೆಯಲ್ಲಿ ಯಾರೂ ಸಾಯುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಕುಣಿಯಲಾರದವಳು ನೆಲ ಡೊಂಕು ಎಂದಳು, ಇವರು ಮಕ್ಕಳೇ ಡೊಂಕು ಎನ್ನುತ್ತಿದ್ದಾರೆ. ಇದನ್ನೇ ಹೇಳಿದೆ. ಸದಸ್ಯರೆಲ್ಲ ಏನೋ ಕಳೆದುಕೊಂಡವರ ಹಾಗೆ ಮೇಜಿನ ಮೇಲೆ ಹುಡುಕುತ್ತ ಕೂತರು.

ಗಣಿತದ ಟೀಚರ್ ಒಬ್ಬರೇ ಬಾಯಿಬಿಟ್ಟರು. ವಾರಕ್ಕೆ ಎರಡು ಪಿರಿಯಡ್ ಹೆಚ್ಚಿಗೆ ಕೊಟ್ಟರೆ ಈ ಮಕ್ಕಳನ್ನು ನಾನು ದಡ ಮುಟ್ಟಿಸುತ್ತೇನೆ ಎಂದರು. ವೇಳಾಪಟ್ಟಿಯಲ್ಲಿ ಜಾಗವಿಲ್ಲ ಎಂದ ನಿನ್ನ ಅಣ್ಣ. ಆ ಎರಡು ಪಿರಿಯಡ್‌ಗೆ ಏನಿಟ್ಟಿದ್ದೀಯ ಎಂದು ಕೇಳಿದೆ. ವ್ಯಕ್ತಿತ್ವ ವಿಕಸನವಂತೆ. ಯಾರದಪ್ಪಾ ವಿಕಸನ, ಶಾಲೆಯಲ್ಲೇ ಇಲ್ಲದವರದೇ ಎಂದೆ. ಟೀಚರ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಕೊನೆಗೆ, ಆ ಒಂಬತ್ತರಲ್ಲಿ ನಮ್ಮವಳೂ ಇದ್ದಾಳೆಯೇ ಎಂದು ಕೇಳಿದೆ.

“ಇದ್ದಾಳೆ,” ಎಂದ. “ನಾನು ಪಕ್ಷಪಾತ ಮಾಡೋನಲ್ಲ, ಅಧ್ಯಕ್ಷರೇ.”

ಸಭೆಯಲ್ಲಿ ನನ್ನನ್ನು ಅಧ್ಯಕ್ಷರೇ ಎನ್ನುತ್ತಾನೆ. ಸೋಲುವ ಹಾಗೆ ಕಂಡಾಗ ಮಾತ್ರ ಅದು ಅಮ್ಮಾ ಆಗುತ್ತದೆ. ಎಂಟನೆಯ ತರಗತಿಯಲ್ಲಿ ಎರಡು ವರ್ಷ ಕೂತವನು ಯಾರು, ಅವನನ್ನು ಯಾರೂ ಶಾಲೆಯಿಂದ ಅಟ್ಟಲಿಲ್ಲವಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಟೀಚರ್‌ಗಳ ಎದುರು ಹೆಡ್‌ಮಾಸ್ಟರ ಮರ್ಯಾದೆ ತೆಗೆದರೆ ಅದು ಶಾಲೆಯ ಮರ್ಯಾದೆಯೇ ಹೋದಂತೆ. ನಿನಗೆ ಬರೆಯುವುದಕ್ಕೆ ಅಡ್ಡಿಯಿಲ್ಲ.

ಅಷ್ಟರಲ್ಲಿ ದರ್ಜಿ ಬಂದ. ಈ ವರ್ಷ ಯೂನಿಫಾರ್ಮ್ ಬದಲಾಗುತ್ತಿದೆ, ಅದರ ಮಾದರಿ ಒಪ್ಪಿಸುವುದಿತ್ತು. ಹತ್ತನೆಯವರ ಅಳತೆಗೆ ಒಬ್ಬ ಹುಡುಗಿ ಬೇಕು ಎಂದು ಅವನು ಮೊದಲೇ ಹೇಳಿದ್ದರಿಂದ ನಾನೇ ಕಡ್ಡಿಯನ್ನು ಬರಹೇಳಿದ್ದೆ. ಪಕ್ಕದ ಗ್ರಂಥಾಲಯದಲ್ಲಿ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಟ್ಟೆ ತೊಡಿಸಿ, ಗುಂಡುಸೂಜಿ ಚುಚ್ಚಿ, ಅಲ್ಲಾಡಬೇಡ ಎಂದು ಹೇಳಿ, ಜೇಬಿನ ತುಂಡನ್ನು ಹಿಡಿದುಕೊಂಡು ನಮ್ಮ ಮೇಜಿಗೆ ಬಂದ.

ಆ ಜೇಬಿನ ಮೇಲಿನ ಚಿತ್ರ ನಿನಗೆ ಗೊತ್ತೇ ಇದೆ. ಚರ್ಚಿನ ಹಿಂದಿನ ಎರಡು ಕೋಣೆಯಲ್ಲಿ ಶಾಲೆ ತೆರೆದ ವರ್ಷ ನಿನ್ನ ಅಪ್ಪ ಊಟದ ಮೇಜಿನ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು. ಕುರುಬ, ಅವನ ಹೆಗಲ ಮೇಲೆ ತೊಂಬತ್ತೊಂಬತ್ತನ್ನು ಬಿಟ್ಟುಹೋಗಿ ಹುಡುಕಿ ತಂದ, ತಪ್ಪಿಹೋಗಿದ್ದ ಆ ಒಂದು ಕುರಿ. ಇದು ಕುರಿಯೋ ನಾಯಿಯೋ ಎಂದು ನಾನು ನಕ್ಕಿದ್ದಕ್ಕೆ ಎರಡು ದಿನ ಮುನಿಸಿಕೊಂಡಿದ್ದರು. ಮನುಷ್ಯನಿಗೆ ಚಿತ್ರ ಬರುತ್ತಿರಲಿಲ್ಲ, ಆದರೆ ಶಾಲೆ ಯಾಕೆ ತೆರೆಯುತ್ತಿದ್ದೇನೆಂದು ಗೊತ್ತಿತ್ತು.

ದರ್ಜಿ, ದಾರದ ಬಣ್ಣ ಸರಿಯೇ ನೋಡಿ ಅಮ್ಮಾವ್ರೇ ಎಂದ. ನಾನು ಹೇಳಿದೆ, “ದಾರ ಸರಿಯಾಗಿದೆ. ಕುರಿ ತೆಗೆದುಬಿಡು.”

ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ, ಈ ವರ್ಷದಿಂದ ಕುರಿ ಬೇಡ, ಕುರುಬ ಒಬ್ಬನೇ ಸಾಕು, ಮಿಕ್ಕ ತೊಂಬತ್ತೊಂಬತ್ತು ಕೊಟ್ಟಿಗೆಯಲ್ಲಿ ಕ್ಷೇಮವಾಗಿವೆ, ಅವನಿಗೆ ಅಷ್ಟೇ ಸಾಕಂತೆ.

ದರ್ಜಿ ಜೇಬನ್ನು ತಿರುಗಿಸಿ ಮುರುಗಿಸಿ ನೋಡಿದ. “ತೆಗೀಬೋದು ಅಮ್ಮಾವ್ರೇ. ಆದ್ರೆ ಹೆಗಲ ಮೇಲೆ ಏನೂ ಇಲ್ದೆ ಈ ಮನುಷ್ಯ ಯಾಕೆ ಹೀಗೆ ಬಗ್ಗಿ ನಿಂತವ್ನೆ ಅಂತ ಕೇಳ್ತಾರಲ್ಲ, ಏನು ಹೇಳ್ಲಿ?”

“ನಾಚಿಕೆಯಿಂದ ಅಂತ ಹೇಳು,” ಎಂದೆ.

ನಿನ್ನ ಅಣ್ಣನ ಕಿವಿ ಕೆಂಪಾಯಿತು. ನನ್ನ ಸಹಿಯಿಲ್ಲದೆ ಯೂನಿಫಾರ್ಮೂ ಆಗುವುದಿಲ್ಲ, ಯೋಜನೆಯೂ ಆಗುವುದಿಲ್ಲ ಎಂದು ಅವನಿಗೆ ಗೊತ್ತು. ದರ್ಜಿಯ ಕೈಯಿಂದ ಜೇಬನ್ನು ತೆಗೆದುಕೊಂಡ. ಆಮೇಲೆ ಸಣ್ಣ ದನಿಯಲ್ಲಿ, “ಕುರಿ ಇರ್ಲಿ ಅಮ್ಮಾ,” ಎಂದ.

ಹಾಗಾದರೆ ಮಕ್ಕಳೂ ಇರಲಿ ಎಂದೆ. ಟೀಚರ್ ಕೇಳಿದ ಎರಡು ಪಿರಿಯಡ್ ಕೊಟ್ಟ, ವ್ಯಕ್ತಿತ್ವ ವಿಕಸನ ಶನಿವಾರಕ್ಕೆ ಹೋಯಿತು. ಆದರೆ ಗೆದ್ದೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವನು ಇನ್ನೊಂದು ಮಾತು ತೆಗೆದ. ಬೇರೆಯವರ ಮಕ್ಕಳು ಎಂಟು ಮಂದಿ ಇರಲಿ, ನಮ್ಮ ಮನೆಯ ಹುಡುಗಿಯನ್ನೂ ಇಟ್ಟುಕೊಂಡರೆ ಅವಳಿಗೋಸ್ಕರವೇ ನಿಯಮ ಮುರಿದೆವು ಎಂದು ಜನ ಆಡಿಕೊಳ್ಳುತ್ತಾರೆ, ಅವಳ ಅಪ್ಪನನ್ನು ಕೇಳೋಣ, ಅವನು ಹೇಳಿದ ಹಾಗೆ ಆಗಲಿ ಎಂದ. ಅಲ್ಲೇ ನಿನಗೆ ಫೋನು ಮಾಡಿದ.

ಕೇಳು ಎಂದು ನಾನೂ ಧೈರ್ಯವಾಗಿ ಹೇಳಿದೆ. ನನ್ನ ಮಗ ಏನು ಹೇಳುತ್ತಾನೆಂದು ನನಗೆ ಗೊತ್ತಿಲ್ಲವೇ ಎಂಬ ಜಂಬದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ನೀನು ಹೇಳಿದ್ದು ನಿನಗೆ ನೆನಪಿರಬೇಕು. ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ಮನೆಯ ಸಮಾಚಾರ ಇಷ್ಟು. ಎಂಟು ಮಂದಿಯ ಹೆಸರು ಹತ್ತನೆಯ ತರಗತಿಯಲ್ಲಿದೆ. ಒಂಬತ್ತನೆಯವಳ ಟಿ.ಸಿ.ಯನ್ನು ನಾನು ತಡೆದಿದ್ದೇನೆ, ಆದರೆ ಈಗ ಅವಳೇ ಶಾಲೆಗೆ ಹೋಗುವುದಿಲ್ಲ ಎನ್ನುತ್ತಿದ್ದಾಳೆ. ಹಟವಿಲ್ಲ, ಅಳುವಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು. ಬಾವಿಕಟ್ಟೆ ತಿಕ್ಕುತ್ತಾಳೆ, ನನ್ನ ಕನ್ನಡಕ ತಂದುಕೊಡುತ್ತಾಳೆ, ಶಾಲೆಯ ಮಾತೆತ್ತಿದರೆ, “ಬೇಡ ಬಿಡಜ್ಜಿ,” ಎಂದು ಎದ್ದುಹೋಗುತ್ತಾಳೆ. ಪುಸ್ತಕಗಳನ್ನೆಲ್ಲ ಕಟ್ಟಿ ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟಳು, ನಾನು ಹೋಗಿ ವಾಪಸ್ಸು ತಂದೆ. ಗಣಿತದ ಟೀಚರ್ ಮನೆಗೆ ಬಂದು, ರಜೆಯಲ್ಲೇ ಶುರುಮಾಡೋಣ ಬಾ ಎಂದು ಕರೆದರು. ಅವರಿಗೆ ಚಹಾ ಮಾಡಿಕೊಟ್ಟು, ಕಪ್ಪು ತೊಳೆಯುತ್ತ ಅಡುಗೆಮನೆಯಲ್ಲೇ ಉಳಿದಳು. ನಿನ್ನ ಅಣ್ಣನೂ ಎರಡು ಸಲ ಬಂದ. ಅವಳ ಕೋಣೆಯ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಹಾಗೇ ಹಿಂದಿರುಗಿದ. ಅವನಾದರೂ ಬಂದ.

ಇಷ್ಟು ವರ್ಷ ಹೆಡ್‌ಮಾಸ್ಟರುಗಳನ್ನೂ ಇನ್ಸ್‌ಪೆಕ್ಟರುಗಳನ್ನೂ ಬಗ್ಗಿಸಿದ್ದೇನೆ, ಈ ಹದಿನೈದು ವರ್ಷದ ಹುಡುಗಿಯ ಮೌನವನ್ನು ಬಗ್ಗಿಸಲು ನನ್ನಿಂದ ಆಗುತ್ತಿಲ್ಲ. ಇದನ್ನು ಬರೆಯಲು ನನಗೆಷ್ಟು ಕಷ್ಟವೆಂದು ನಿನಗೆ ಗೊತ್ತು. ಅದಕ್ಕೇ ಕರೆಯುತ್ತಿದ್ದೇನೆ. ಶಾಲೆ ತೆರೆಯಲು ಇನ್ನು ಹತ್ತು ದಿನವಿದೆ. ಬಾ. ಭಾನುವಾರ ಚರ್ಚಿನಲ್ಲಿ ಪ್ರಸಂಗ ಹೇಳುವುದಿದೆ, ಮದುವೆಯಿದೆ, ಯಾರೋ ಕಾಯಿಲೆಯಲ್ಲಿದ್ದಾರೆ ಎನ್ನಬೇಡ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನಿಸಿಕೊಳ್ಳಬೇಡ. ತಪ್ಪಿಹೋದ ಆ ಕುರಿಯ ಕಥೆಯ ಮೇಲೆ ನೀನು ಪ್ರಸಂಗ ಮಾಡಿದರೆ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಾರಂತೆ, ಸೊಸೆ ಹೆಮ್ಮೆಯಿಂದ ಬರೆದಿದ್ದಳು. ಎಂಟು ಕುರಿಗಳನ್ನು ನಾನು ಒಳಗೆ ಮಾಡಿದ್ದೇನೆ. ಒಂಬತ್ತನೆಯದು ನಿನ್ನದು. ನೀನೇ ಹುಡುಕಿಕೊಂಡು ಬರಬೇಕು.

ಸೊಸೆಗೆ ಈ ಕಾಗದ ಪೂರ್ತಿ ಓದಿಸು. ಮುಚ್ಚಿಟ್ಟರೆ ಇನ್ನೊಂದು ಅವಳ ಹೆಸರಿಗೇ ಬರೆಯುತ್ತೇನೆ. ಸಿಟ್ಟಿನಲ್ಲಿ ಬರೆದರೂ ಆಶೀರ್ವಾದ ಆಶೀರ್ವಾದವೇ. ದೇವರು ನಿಮ್ಮಿಬ್ಬರನ್ನೂ ಕಾಪಾಡಲಿ. ನಿನಗೆ ಒಳ್ಳೆಯ ಬುದ್ಧಿಯನ್ನೂ, ಮೊದಲ ಬಸ್ಸಿನಲ್ಲೇ ಸೀಟನ್ನೂ ಕೊಡಲಿ.

ಇಂತಿ,
ನಿನ್ನ ಅಮ್ಮ

ಮರೆತಿದ್ದು, ಅಲ್ಲ, ಮರೆತಿರಲಿಲ್ಲ: ಬರೆಯುವುದಿಲ್ಲ ಎಂದಿದ್ದೆ. ಬರೆಯದಿದ್ದರೆ ನೀನು ಬರುವುದಿಲ್ಲ. ಅವತ್ತು ನಿನ್ನ ಅಣ್ಣ ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದ, ನಾನು ಎದುರಿಗೆ ಕೂತಿದ್ದೆ. ನೀನಂದೆ, “ಬಿಡಣ್ಣಾ, ಅವಳ ಕೈಲಿ ಆಗೋದಲ್ಲ ಅದು. ಅವಳೊಬ್ಬಳಿಗೋಸ್ಕರ ಸ್ಕೂಲಿನ ಹೆಸರು ಯಾಕೆ ಹಾಳು ಮಾಡ್ಕೋತೀಯ? ಕಳಿಸಿಬಿಡು. ಅಮ್ಮನಿಗೆ ಈಗ್ಲೇ ಹೇಳ್ಬೇಡ, ಕುಣೀತಾಳೆ.” ನನ್ನ ಕುಣಿತದ ಮಾತು ಬಿಡು, ಅದನ್ನು ಕ್ಷಮಿಸಿದ್ದೇನೆ. ಗ್ರಂಥಾಲಯದ ಬಾಗಿಲು ತೆರೆದಿತ್ತು. ನಿಲ್ಲಿಸು ಎಂದು ನಾನು ಕೈ ಎತ್ತುವಷ್ಟರಲ್ಲಿ ನಿನ್ನ ಮಾತು ಮುಗಿದಿತ್ತು. ಅವಳು ಸ್ಟೂಲಿನ ಮೇಲೆ ಹೊಸ ಯೂನಿಫಾರ್ಮಿನಲ್ಲಿ ಎರಡೂ ಕೈ ಅಗಲಿಸಿ ನಿಂತಿದ್ದಳು, ಮೈಸುತ್ತ ಗುಂಡುಸೂಜಿ. ದರ್ಜಿ ಅಲ್ಲಾಡಬೇಡ ಎಂದಿದ್ದನಲ್ಲ, ಅಲ್ಲಾಡಲಿಲ್ಲ. ಅವನು ಹಿಂದಿರುಗಿ ಹೋದಾಗ, “ಇದಕ್ಕೆ ಬೇರೆಯವರ ಅಳತೆ ತಗೊಳ್ಳಿ ಅಂಕಲ್,” ಎಂದಳು, ಅಷ್ಟೇ. ಆ ಬಟ್ಟೆಯನ್ನು ನಾನು ಮನೆಗೆ ತಂದಿಟ್ಟುಕೊಂಡಿದ್ದೇನೆ. ಸೂಜಿಗಳು ಇನ್ನೂ ಹಾಗೇ ಇವೆ. ನೀನೇ ಬಂದು ತೆಗೆ.