ಗೆರೆಯ ಮೇಲೆ ನಿಂತ ಗಂಟು

ಸೀಟಿ ಮೇಷ್ಟ್ರ ಸನ್ನಿಧಾನಕ್ಕೆ,

ಲೋಲಕನ ಸಾಷ್ಟಾಂಗ ನಮಸ್ಕಾರ. ಇದನ್ನು ಬರಿಯ ಶಿಷ್ಟಾಚಾರ ಎಂದುಕೊಳ್ಳಬೇಡ. ಹೋದ ವಾರ ಶಾಲೆಯ ಮೈದಾನದಲ್ಲಿ, ಎಂಟನೇ ತರಗತಿಯ ಸಮಸ್ತ ಮಕ್ಕಳ ಸಮಕ್ಷಮದಲ್ಲಿ, ವಿಜ್ಞಾನದ ಮೇಷ್ಟ್ರಾದ ನಾನು ಉದ್ದಕ್ಕೆ ಬಿದ್ದು ಇದನ್ನು ಆಗಲೇ ಸಲ್ಲಿಸಿದ್ದೇನೆ. ಸ್ವೀಕರಿಸಲು ನೀನಿರಲಿಲ್ಲ, ಅಷ್ಟೇ.

ಬಲದ ಪಾಠ ಬಂದಿತ್ತು. ನಮ್ಮ ಶಾಲೆಯಲ್ಲಿ ಆ ಪಾಠ ಶುರುವಾಗುವುದು ಪುಸ್ತಕದಿಂದಲ್ಲ, ಆಟದ ಕೋಣೆಯ ಹಗ್ಗದಿಂದ. ಮಣ್ಣಿನ ಮೇಲೆ ಸುಣ್ಣದ ಗೆರೆ, ಹಗ್ಗದ ನಡುವೆ ಗಂಟು ಹಾಕಿದ ಕೆಂಪು ಕರವಸ್ತ್ರ, ಒಂದು ತುದಿಯಲ್ಲಿ ಓಲಾಡಿಕೊಂಡು ನಡೆಯುವುದಕ್ಕೇ ಮಕ್ಕಳಿಂದ ಲೋಲಕ ಎಂಬ ಬಿರುದು ಪಡೆದ ನಾನು, ಇನ್ನೊಂದು ತುದಿಯಲ್ಲಿ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡ ಡ್ರಿಲ್ ಮೇಷ್ಟ್ರಾದ ನೀನು. ಇಬ್ಬರೂ ಹಲ್ಲು ಕಚ್ಚಿ ಎಳೆದರೂ ಗಂಟು ಗೆರೆ ಬಿಟ್ಟು ಕದಲುತ್ತಿರಲಿಲ್ಲ. "ನೋಡಿ ಮಕ್ಕಳೇ, ಎರಡು ಕಡೆಯೂ ಸಮ. ಇದು ಸಂತುಲಿತ ಬಲ" ಎಂದು ಏದುಸಿರಿನಲ್ಲೇ ಘೋಷಿಸುತ್ತಿದ್ದೆ. ಆಮೇಲೆ ನಿನ್ನ ಬೆನ್ನಿಗೆ ಒಂದಷ್ಟು ಮಕ್ಕಳು ಸೇರಿಕೊಂಡರೆ ನಾನು ಜಾರುತ್ತಾ ಗೆರೆ ದಾಟುತ್ತಿದ್ದೆ. ಅದು ಅಸಂತುಲಿತ. ಪಾಠ ಮುಗಿದ ಮೇಲೆ ನೀನು ಸ್ಟಾಫ್ ರೂಮಿನಲ್ಲಿ ತೋಳು ಉಜ್ಜಿಕೊಳ್ಳುತ್ತಾ, "ಏನು ಎಳೀತೀಯಪ್ಪಾ ನೀನು! ರಟ್ಟೆ ಕಿತ್ತು ಬಂತು" ಅನ್ನುತ್ತಿದ್ದೆ. ನಾನು ವಿನಯದಿಂದ ತಲೆ ತಗ್ಗಿಸಿ, ಒಳಗೊಳಗೇ ಮೀಸೆ ತಿರುವಿಕೊಳ್ಳುತ್ತಿದ್ದೆ.

ರಜೆಯಲ್ಲಿ ಲಕ್ವ ಹೊಡೆದು ನಿನ್ನ ಬಲಗೈ ಬಿದ್ದುಹೋದ ಮೇಲೆ ನಿನ್ನ ಜಾಗಕ್ಕೆ ಹೊಸ ಡ್ರಿಲ್ ಟೀಚರ್ ಬಂದಿದ್ದಾರೆ. ಭರ್ಜಿ ಎಸೆದು ಪದಕ ಗೆದ್ದಾಕೆ. ಈ ಸಲ ನಿನ್ನ ತುದಿ ಹಿಡಿದವರು ಅವರು. "ಎಳೀರಿ" ಎಂದು ನಾನು ಹೇಳಿದ್ದು ನೆನಪಿದೆ, ಮುಂದಿನದೆಲ್ಲ ಮಣ್ಣಿನ ರುಚಿ. ಆಕೆ ಓಡಿಬಂದು, "ಅಯ್ಯೋ ಸಾರ್, ಪೆಟ್ಟಾಯ್ತಾ? ನಾನಿನ್ನೂ ಎಳೆಯೋಕೇ ಶುರು ಮಾಡಿರ್ಲಿಲ್ಲ!" ಅಂದರು. ಎರಡನೆಯ ಸಲ ಪಾಪ, ಕನಿಕರದಿಂದ ಹಗ್ಗ ಸಡಿಲ ಬಿಟ್ಟರು. ನಾನು ಹಿಂದಕ್ಕೆ ಮಗುಚಿಕೊಂಡೆ. ಮುಂದೆ ನಿಂತಿದ್ದ ಹುಡುಗಿಯೊಬ್ಬಳು, "ಸಾರ್, ಎರಡೂ ಅಸಂತುಲಿತ ಅಂತ ಬರ್ಕೊಳ್ಳೋದಾ?" ಎಂದಳು. ಬರ್ಕೋ ತಾಯಿ, ಎಂದೆ.

ಮಕ್ಕಳು ಹೋದ ಮೇಲೆ ಆಕೆ ಹಗ್ಗ ಸುತ್ತುತ್ತಾ ಕೇಳಿದರು: "ಹಳೇ ಸರ್ ಅದು ಹೇಗೆ ಮಾಡ್ತಿದ್ರು ಸಾರ್? ನೀವು ಎಷ್ಟು ಎಳೀತಿದ್ದೀರಿ ಅಂತ ಅಂಗೈಯಲ್ಲೇ ನೋಡ್ಕೊಂಡು, ಅಷ್ಟಷ್ಟೇ ಎಳೀಬೇಕಲ್ಲ? ನಂಗಂತೂ ಆಗ್ಲಿಲ್ಲ."

ಮೂಗಿಗೆ ಮೆತ್ತಿದ ಮಣ್ಣು ಒರೆಸಿಕೊಳ್ಳುತ್ತಿದ್ದವನಿಗೆ ಆಗ ಅರ್ಥವಾಯಿತು. ಕಳ್ಳ ಕಣೋ ನೀನು! ಇಷ್ಟು ವರ್ಷವೂ ನನ್ನ ಕಡ್ಡಿ ತೋಳಿನ ಮಟ್ಟಕ್ಕೆ ನಿನ್ನ ಒನಕೆಯಂಥ ತೋಳನ್ನು ಇಳಿಸಿ ಹಿಡಿದಿದ್ದೆ. ನಾನು ಸಡಿಲಿಸಿದಾಗ ನೀನೂ ಸಡಿಲಿಸುತ್ತಿದ್ದೆ, ನಾನು ಬಿಗಿದಾಗ ನೀನೂ ಬಿಗಿಯುತ್ತಿದ್ದೆ. ನನ್ನ ಕಡೆಗೆ ಅಷ್ಟು ಗಮನ ಕೊಟ್ಟವರು ಬೇರೆ ಯಾರಿದ್ದಾರೆ ಎಂದು ಯೋಚಿಸಿದೆ. ನನ್ನನ್ನು ಹೆತ್ತವಳ ಹೊರತು ಇನ್ನೊಂದು ಹೆಸರು ಹೊಳೆಯಲಿಲ್ಲ.

ಸ್ಟಾಫ್ ರೂಮಿನ ಕಿಟಕಿ ಪಕ್ಕದ ನಿನ್ನ ಕುರ್ಚಿಯ ಮೇಲೆ ಈಗ ಗ್ಲೋಬು ಕೂತಿದೆ. ಇಡೀ ಪ್ರಪಂಚವೇ ಎದುರಿಗಿದ್ದರೂ, ನಾನು ಡಬ್ಬಿ ತೆಗೆದಾಗ "ಏನು ತಂದಿದೀಯಾ?" ಎಂದು ಅದು ಕೇಳುವುದಿಲ್ಲ. ಮನೆಯ ವಿಷಯ ನಿನಗೆ ಗೊತ್ತೇ ಇದೆ, ಒಬ್ಬ ಮನುಷ್ಯ, ಒಂದು ತಟ್ಟೆ, ಒಂದು ಲೋಟ. ಎರಡು ಕಡೆಯಿಂದ ಸಮವಾಗಿ ಎಳೆಸಿಕೊಳ್ಳುವ ವಸ್ತುವೂ ಅಲ್ಲಾಡದೆ ನಿಂತಿರುತ್ತದೆ, ಯಾರೂ ಎಳೆಯದೆ ಮೂಲೆಯಲ್ಲಿ ಬಿಟ್ಟ ವಸ್ತುವೂ ಅಲ್ಲಾಡದೆ ನಿಂತಿರುತ್ತದೆ. ನೋಡುವವರಿಗೆ ಎರಡೂ ಒಂದೇ. ನನ್ನ ಸಂಜೆಗಳು ಈಗ ಎರಡನೆಯ ಜಾತಿಯವು. ಇದನ್ನು ಮಕ್ಕಳಿಗೆ ಹೇಳಲಿಲ್ಲ, ಪರೀಕ್ಷೆಗೆ ಬರುವುದಿಲ್ಲವಲ್ಲ.

ಹೋದ ತಿಂಗಳು ನಿನ್ನನ್ನು ನೋಡಲು ಬಂದಿದ್ದೆ. ಅತ್ತಿಗೆ ಬಾಗಿಲು ಪೂರ್ತಿ ತೆರೆಯುವ ಮೊದಲೇ ಒಳಗಿನಿಂದ, ಮೈದಾನದ ಆಚೆ ತುದಿಗೂ ಕೇಳಿಸುವ ನಿನ್ನ ಡ್ರಿಲ್ ದನಿಯಲ್ಲಿ, "ನಾನು ನಿದ್ದೆ ಮಾಡ್ತಿದೀನಿ ಅಂತ ಹೇಳು!" ಎಂದು ಅಪ್ಪಣೆಯಾಯಿತು. ಅತ್ತಿಗೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಗಾಢ ನಿದ್ದೆ" ಎಂದು ನಾನೇ ಹೇಳಿ ಮೆಟ್ಟಿಲಿಳಿದೆ. ಬೀದಿಯ ತಿರುವಿನವರೆಗೂ ನಗು ಬರುತ್ತಿತ್ತು. ತಿರುವಿನ ಆಚೆಗೆ ಬರಲಿಲ್ಲ.

ನಾನು ಮಣ್ಣು ಮುಕ್ಕಿದ ಮರುದಿನ ಅತ್ತಿಗೆ ಫೋನ್ ಮಾಡಿದ್ದರು. ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಯವರನ್ನೂ ಓಡಿಸಿದೆಯಂತೆ. ಅವರು ಅಂಗೈ ಒಡ್ಡಿ, ನೀನು ತಾಗಿಸಿದ ಕೂಡಲೇ ಕೈ ಹಿಂದಕ್ಕೆ ಬಿಟ್ಟು, "ವೆರಿ ಗುಡ್ ಅಂಕಲ್, ಗೆದ್ರಿ!" ಅನ್ನುತ್ತಿದ್ದರಂತೆ. "ಮಗು ಆಡಿಸೋದು ಬೇರೆ ಕಡೆ ಇಟ್ಕೋ" ಎಂದು ನೀನು ಗುಡುಗಿದೆಯಂತೆ. ಈಗ ಬಿಟ್ಟರೆ ಆ ಕೈ ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ. ನಿನಗೆ ಸುಳ್ಳು ಗೆಲುವು ಬೇಡ. ಸರಿ, ಒಪ್ಪಿದೆ. ನನಗೆ ಸುಳ್ಳು ಸಮ ಕೊಟ್ಟವನು ನೀನು ಎಂಬುದನ್ನು ಸದ್ಯಕ್ಕೆ ಕೆದಕುವುದಿಲ್ಲ.

ಅಂದಿನಿಂದ ತರಗತಿಯಲ್ಲಿ ಹೊಸ ಚಟುವಟಿಕೆ ನಡೆದಿದೆ. ಇಬ್ಬಿಬ್ಬರು ಎದುರುಬದುರು ನಿಂತು ಅಂಗೈಗೆ ಅಂಗೈ ಒತ್ತುವುದು, ಯಾರೂ ಗೆಲ್ಲಬಾರದು, ಯಾರೂ ಸೋಲಬಾರದು. ನನ್ನ ಜೊತೆಗಾತಿ ತರಗತಿಯಲ್ಲೇ ಎಲ್ಲರಿಗಿಂತ ಕುಳ್ಳಿ. ಮೊದಮೊದಲು, "ಸಾರ್, ಜಾಸ್ತಿ ಆಯ್ತು... ಸಾರ್, ಈಗ ನೀವು ಒತ್ತುತ್ತಲೇ ಇಲ್ಲ" ಎಂದು ಬೈಸಿಕೊಂಡೆ. ಇಷ್ಟು ಕಷ್ಟದ ಕೆಲಸವೆಂದು ಗೊತ್ತಿರಲಿಲ್ಲ ಕಣೋ. ಕಣ್ಣು ಮುಚ್ಚಿಕೊಂಡರೆ ಸ್ವಲ್ಪ ಸುಲಭ. ನಿನ್ನೆ ಅವಳು, "ಪರ್ವಾಗಿಲ್ಲ ಸಾರ್, ಕಲಿತ್ರಿ" ಎಂದು ಪಾಸು ಮಾಡಿದ್ದಾಳೆ.

ಭಾನುವಾರ ಬೆಳಿಗ್ಗೆ ಬರುತ್ತೇನೆ, ಆಮೇಲೆ ದಿನಾ ಶಾಲೆ ಬಿಟ್ಟ ಮೇಲೆ. ಮಾತು ಬೇಡವಾದರೆ ಬೇಡ, ಮುಖ ಗೋಡೆಗೆ ತಿರುಗಿಸಿಕೊಂಡಿರು. ಬಲಗೈ ಮಾತ್ರ ಈ ಕಡೆ ಕೊಡು. ಅದರಲ್ಲಿ ಇರುವೆಯಷ್ಟು ಕಸುವಿದ್ದರೆ ನಾನೂ ಇರುವೆಯಷ್ಟೇ ಒತ್ತುತ್ತೇನೆ. ಏನೂ ಇಲ್ಲದಿದ್ದರೆ ಸುಮ್ಮನೆ ಹಿಡಿದುಕೊಂಡು ಕಾಯುತ್ತೇನೆ. ನನಗೂ ಸಂಜೆ ಬೇರೆ ಕೆಲಸವಿಲ್ಲ.

ಆ ಕೈ ಬೇಗ ಬಲಿಯಲಿ ಗೆಳೆಯಾ. ಎಷ್ಟು ಎಂದರೆ, ಒಂದು ದಿನ ನೀನು ಒಂದಿಷ್ಟೂ ತಡೆಹಿಡಿಯದೆ ನನ್ನನ್ನು ಕುರ್ಚಿ ಸಮೇತ ಉರುಳಿಸುವಷ್ಟು.

ಇತಿ, ಅಂಗೈ ಒಡ್ಡಿಕೊಂಡ,
ನಿನ್ನ ಲೋಲಕ