ನುಣುಪಾದ ಹಾಳೆಗಳು

ಹುಣಸೂರು
೧೯-೨-೧೯೯೮

ಪ್ರೀತಿಯ ಸುನಂದಾ,

‘ಮುಚ್ಚಿದ ಕಿಟಕಿಗೂ ಗಾಳಿಯ ಗುರುತಿದೆ’. ಹಾಸ್ಟೆಲಿನ ಗೋಡೆಪತ್ರಿಕೆಗೆ ನೀನು ಬರೆದ ಪದ್ಯದ ಸಾಲು ಹೀಗೇ ಇತ್ತೇ? ಮುಂದಿನದು ನೆನಪಾಗುತ್ತಿಲ್ಲ. ಎಂ.ಎ. ಓದುವಾಗ ಎಷ್ಟು ಮೆಚ್ಚಿದ್ದೆ! ಈಗ ಅನುಮಾನ. ತೆರೆಯದ ಕಿಟಕಿಗೆ ಗುರುತಿದ್ದು ಏನು ಬಂತು?

ನಿನ್ನ ದೀಪಾವಳಿಯ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬಯ್ಯಬೇಡ. ನಾಲ್ಕು ತಿಂಗಳು ಬ್ರೈಲ್ ಚುಚ್ಚುತ್ತ ಕೂತಿದ್ದೆ. ಹಾಳೆಯ ಬೆನ್ನಿಗೆ ಬಲದಿಂದ ಎಡಕ್ಕೆ ಚುಚ್ಚಬೇಕು, ತಿರುಗಿಸಿದರೆ ಅಕ್ಷರ ಉಬ್ಬಿರುತ್ತದೆ. ಪಕ್ಕದ ಮನೆಯ ಚಿಕ್ಕಬೀರಮ್ಮನ ಮೊಮ್ಮಗಳು ರಾಣಿಗೆ ಹುಟ್ಟಿನಿಂದ ಕಣ್ಣಿಲ್ಲ. ಪಿರಿಯಾಪಟ್ಟಣದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಾಳೆ. ಅವಳಿಗಾಗಿ ಇತಿಹಾಸದ ಪುಸ್ತಕ ಬರೆದೆ.

ಮೊದಲೆಲ್ಲ ನಾನು ಬರೆದದ್ದನ್ನು ಮೈಸೂರಿನ ಗೆಳತಿಯರು ಹೊಲಿದು ಕಟ್ಟುತ್ತಿದ್ದರು. ನನ್ನ ಮೈಸೂರಿನ ಓಡಾಟವನ್ನು ನಮ್ಮ ಯಜಮಾನರು ನಿಲ್ಲಿಸಿ ಎರಡು ವರ್ಷವಾಯಿತು. ಈ ಸಲ ಬಜಾರಿನ ಬೈಂಡರ್ ಹುಚ್ಚಯ್ಯನೇ ಗತಿಯಾದ. ಜೊತೆಗೆ ನಿಂತು ಕಟ್ಟಿಸುತ್ತೇನೆಂದೆ. “ಚುಚ್ಚೋದು ಮನೆಯೊಳಗಿರಲಿ. ಅಂಗಡಿ ಮುಂದೆ ನಿಲ್ಲೋದೊಂದು ಬಾಕಿಯಿತ್ತಾ?” ಎಂದರು ಇವರು. ಚಿಕ್ಕಬೀರಮ್ಮನ ಕೈಲಿ ಕಳಿಸಿ, ಭಾರ ಹೇರಬಾರದೆಂದು ಹೇಳಿಸಿದೆ. ಹುಚ್ಚಯ್ಯ ನಕ್ಕನಂತೆ: “ಅಮುಕ್ದೆ ಬೈಂಡ್ ಮಾಡಕ್ಕೆ ಇದೇನು ಅಪ್ಪಳಾನಾ? ಎಂಗ್ ಉಬ್ಕಂಡದೆ ನೋಡು!” ಎರಡು ದಿನ ಪ್ರೆಸ್ಸಿನಲ್ಲಿ ಬಿಗಿದು, ಇಸ್ತ್ರಿ ಮಾಡಿದಂಥ ಪುಸ್ತಕ ಕೊಟ್ಟ. ಅದರ ಅಂದ ನೋಡಿ ಅಜ್ಜಿ ಖುಷಿಯಿಂದ ನೇರ ಪಿರಿಯಾಪಟ್ಟಣದ ಬಸ್ ಹತ್ತಿದ್ದಾಳೆ.

ರಾಣಿ ಮೊದಲ ಹಾಳೆಯ ಮೇಲೆ ಮೂರು ಸಲ ಬೆರಳಾಡಿಸಿ ಕೇಳಿದಳಂತೆ: “ಅಜ್ಜಿ, ಕಾಲಿ ಪುಸ್ತಕ ಯಾಕ್ ತಂದೆ?”

ಪರೀಕ್ಷೆಗೆ ಇಪ್ಪತ್ತೇ ದಿನ. ಮತ್ತೆ ಚುಚ್ಚಲಾಗದು. ದಿನಾ ಹೋಗಿ ಓದಿಹೇಳಬಹುದು, ಬಸ್ಸಿಗೆ ಒಂದು ಗಂಟೆಯೂ ಬೇಡ. ಇವರು ಒಪ್ಪಲಿಲ್ಲ. “ಊರೂರು ಸುತ್ತಿ ಓದೋಕೆ ನೀನೇನು ಹರಿಕಥೆ ದಾಸರಾ?” ಎಂದರು.

ನಿನ್ನ ಮಂಡಿನೋವು ಹೇಗಿದೆ? ಮಕ್ಕಳಿಗೆ ಒಳ್ಳೆಯದಾಗಲಿ, ನನ್ನ ಆಯಸ್ಸೂ ಅವರಿಗಿರಲಿ.

ನಿನ್ನ
ಶಶಿ

ಮರೆತಿದ್ದೆ. ಅಲ್ಲ, ಬರೆಯಲು ಧೈರ್ಯವಿರಲಿಲ್ಲ. ಪಿರಿಯಾಪಟ್ಟಣಕ್ಕೆ ಹೋಗಲೇ ಎಂದು ನಾನು ಇವರನ್ನು ಕೇಳಲೇ ಇಲ್ಲ, ಸುನಂದಾ. ಹರಿಕಥೆಯ ಮಾತನ್ನು ನಾನೇ ಅವರ ಬಾಯಿಗೆ ಹಾಕಿದ್ದು. ಇಪ್ಪತ್ತೈದು ವರ್ಷದಲ್ಲಿ ಅವರ ಉತ್ತರಗಳೆಲ್ಲ ನನಗೇ ಬಾಯಿಪಾಠವಾಗಿವೆ. ಬೆಳಿಗ್ಗೆ ಚಿಕ್ಕಬೀರಮ್ಮ ಬಂದು, ಕೇಳಿದೆಯಾ ಎಂದಳು. ಮನೆಯಲ್ಲಿ ಬೇಡವೆಂದರು ಎಂದೆ. ಅವಳು ಬಾಗಿಲಲ್ಲೇ ನಿಂತು ನನ್ನ ಕೈ ಸವರಿದಳು. “ಇರ್ಲಿ ಬುಡವ್ವ, ನೀನೇನ್ ಮಾಡೀಯೆ? ನಂಗೊಂದ್ ನಾಕಕ್ಸರ ಬಂದಿದ್ರೆ ನಾನೇ ಓಗಿ ಕುಂತು ಓದೇಳ್ಬುಡ್ತಿದ್ದೆ.”